ಸೀಟಿನ ಅರ್ಜಿಯಲ್ಲಿ ಕಾಣೆಯಾದ ತಾಲೂಕು

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲೂಕುಗಳನ್ನು ಒಂದೊಂದಾಗಿ ಅಳೆದು, 114 ಹಿಂದುಳಿದಿವೆ ಎಂದು ಅದು ಹೇಳಿತು. ಆ 114ರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ (ಈಗಿನ ಕಲಬುರಗಿ) ವಿಭಾಗದ ಪಾಲು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ರಸ್ತೆ, ನೀರಾವರಿ, ಆಸ್ಪತ್ರೆ, ಶಾಲೆ ಎಂದು ಹತ್ತಾರು ಮಾನದಂಡಗಳ ಮೇಲೆ ತಾಲೂಕನ್ನೇ ಘಟಕವಾಗಿ ಹಿಡಿದು ಅಷ್ಟು ಸೂಕ್ಷ್ಮವಾಗಿ ಕೊರತೆಯನ್ನು ಲೆಕ್ಕ ಹಾಕಿದ ಕೆಲಸ ನಮ್ಮಲ್ಲಿ ಅದಕ್ಕೆ ಮೊದಲು ಆಗಿರಲಿಲ್ಲ.

ಆದರೆ ಈ ತಾಲೂಕುಗಳ ಹುಡುಗನೋ ಹುಡುಗಿಯೋ ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವಿಗೆ ಅರ್ಜಿ ಹಾಕುವ ದಿನ ಆ ಲೆಕ್ಕ ಎಲ್ಲಿಯೂ ಕೆಲಸಕ್ಕೆ ಬರುವುದಿಲ್ಲ. ಅರ್ಜಿ ಜಾತಿ ಕೇಳುತ್ತದೆ, ಆದಾಯ ಕೇಳುತ್ತದೆ, ಕಲ್ಯಾಣ ಕರ್ನಾಟಕದವರೇ ಎಂದು ಕೇಳುತ್ತದೆ, ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದ್ದೀರಾ, ಕನ್ನಡ ಮಾಧ್ಯಮವೇ ಎಂದು ಕೇಳುತ್ತದೆ. ವಿಳಾಸದಲ್ಲಿ ತಾಲೂಕಿನ ಹೆಸರು ಬರೆಯುತ್ತೇವೆ ನಿಜ. ಅದಕ್ಕೆ ಒಂದು ಅಂಕದ ಬೆಲೆಯೂ ಇಲ್ಲ. ಅಪ್ಪ ಸತ್ತ ವರ್ಷ ಪರೀಕ್ಷೆ ಬರೆದವಳು, ವರ್ಷದಲ್ಲಿ ನಾಲ್ಕು ತಿಂಗಳು ತಂದೆತಾಯಿಯೊಡನೆ ಗುಳೆ ಹೋಗಿ ಬಂದವನು, ಭೀಮಾ ನದಿ ಮನೆಗೆ ನುಗ್ಗಿ ಪುಸ್ತಕ ಕೊಚ್ಚಿಹೋದವರು, ಇವರ ಕಷ್ಟಕ್ಕೂ ಅಲ್ಲಿ ಜಾಗವಿಲ್ಲ. ಕಷ್ಟವನ್ನು ಪರಿಗಣಿಸಿ ಸೀಟು ಕೊಡುವುದೆಂದರೆ ಯಾವ ಕಷ್ಟವನ್ನು, ಯಾರ ಕಷ್ಟವನ್ನು, ಯಾವ ಅಳತೆಯಲ್ಲಿ ಎಂಬ ಪ್ರಶ್ನೆಯನ್ನು ಈ ಮೂರು ತಾಲೂಕುಗಳಲ್ಲಿ ನಿಂತು ನೋಡಬೇಕಾಗಿದೆ.

ಈಗ ಇರುವ ವ್ಯವಸ್ಥೆಯಲ್ಲಿ ದೊಡ್ಡದು ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನ ಕೊಟ್ಟ 371(ಜೆ) ವಿಧಿ. ಬಹುಪಾಲು ನಿಜಾಮನ ಆಳ್ವಿಕೆಯಲ್ಲಿದ್ದು 1948ರ ಸೆಪ್ಟೆಂಬರ್ 17ರಂದು ಬಿಡುಗಡೆಯಾದ ಈ ಭಾಗ ಶಿಕ್ಷಣದಲ್ಲಿ ಹಳೆಯ ಮೈಸೂರಿಗಿಂತ ತಲೆಮಾರುಗಳಷ್ಟು ಹಿಂದಿತ್ತು. ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದ್ದೇ 1980ರಲ್ಲಿ. ಅದಕ್ಕೆ ಮೊದಲು ಇಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ತೆಲಂಗಾಣ, ಆಂಧ್ರಕ್ಕೆ 1973ರಲ್ಲೇ 371(ಡಿ) ದಕ್ಕಿತು. ತೆಲಂಗಾಣದಂತೆಯೇ ಹೈದರಾಬಾದ್ ಸಂಸ್ಥಾನದಿಂದ ಬಂದ ನಮ್ಮ ಜಿಲ್ಲೆಗಳು ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. ವೈಜನಾಥ ಪಾಟೀಲರ ಹೋರಾಟ, ಜೇವರ್ಗಿ ತಾಲೂಕಿನ ನೆಲೋಗಿಯಿಂದ ಬಂದು ಮುಖ್ಯಮಂತ್ರಿಯೂ ಆದ ಧರ್ಮಸಿಂಗ್ ಮತ್ತು ಮಲ್ಲಿಕಾರ್ಜುನ ಖರ್ಗೆಯವರ ರಾಜಕೀಯ ಒತ್ತಡ ಸೇರಿ 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಾಯಿತು. 2013ರಲ್ಲಿ ಪ್ರವೇಶದ ಆದೇಶ ಬಂತು. ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಇಲ್ಲಿ ಹುಟ್ಟಿದವರು, 2013ರ ಜನವರಿ 1ಕ್ಕೆ ಮೊದಲು ಕನಿಷ್ಠ ಹತ್ತು ವರ್ಷ ಇಲ್ಲಿ ವಾಸವಿದ್ದವರು ಮತ್ತು ಅಂಥವರ ಮಕ್ಕಳು ಸ್ಥಳೀಯರು.

ಇದರಿಂದ ಆದ ಒಳಿತನ್ನು ಯಾರೂ ಅಲ್ಲಗಳೆಯಲಾರರು. ಕಲಬುರಗಿ, ಬೀದರ್, ರಾಯಚೂರಿನ ವೈದ್ಯಕೀಯ ಕಾಲೇಜುಗಳಲ್ಲಿ, ಬೆಂಗಳೂರಿನ ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಭಾಗದ ಮಕ್ಕಳು ಇಂದು ಕಾಣುತ್ತಾರೆ. ಮನೆಯಲ್ಲಿ ಮೊದಲ ಡಾಕ್ಟರ್, ಓಣಿಗೆ ಮೊದಲ ಎಂಜಿನಿಯರ್ ಎಂಬ ಮಾತು ಹಳ್ಳಿಹಳ್ಳಿಯಲ್ಲಿ ಕೇಳುತ್ತದೆ. ಆದರೆ 371(ಜೆ) ಇಡೀ ಪ್ರದೇಶವನ್ನು ಒಂದೇ ತುಂಡಾಗಿ ನೋಡುತ್ತದೆ. ಸೀಟು ಹಂಚಿಕೆಯ ಪಟ್ಟಿಯಲ್ಲಿ ಜಿಎಂಎಚ್, ಜಿಎಂಆರ್‌ಎಚ್, ಜಿಎಂಕೆಎಚ್ ಎಂಬ ಸಂಕೇತಗಳಿರುತ್ತವೆ. ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ ಮಾಧ್ಯಮ, ಕೊನೆಯ ಎಚ್ ಹೈದರಾಬಾದ್ ಕರ್ನಾಟಕ, ಅಂದರೆ ಈಗಿನ ಕಲ್ಯಾಣ ಕರ್ನಾಟಕ. ಈ ಎಚ್ ಬಳ್ಳಾರಿಯ ಗಣಿ ಕಂಪನಿಯ ಅಧಿಕಾರಿಯ ಮಗನಿಗೂ ಅದೇ, ಕಲಬುರಗಿ ನಗರದಲ್ಲಿ ಎರಡು ವರ್ಷ ಕೋಚಿಂಗ್ ಮುಗಿಸಿದ ವೈದ್ಯರ ಮಗಳಿಗೂ ಅದೇ, ಜೇವರ್ಗಿಯ ಹಳ್ಳಿಯೊಂದರಲ್ಲಿ ವಿಜ್ಞಾನ ಉಪನ್ಯಾಸಕರಿಲ್ಲದ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವನಿಗೂ ಅದೇ. ಮೂವರೂ ಒಂದೇ ಸಾಲಿನಲ್ಲಿ ರ್‍ಯಾಂಕಿನ ಪ್ರಕಾರ ನಿಲ್ಲುತ್ತಾರೆ. ನೀಟ್ ರ್‍ಯಾಂಕ್ ಆಗಲಿ, ಪಿಯುಸಿ ಅಂಕ ಮತ್ತು ಸಿಇಟಿ ಅಂಕವನ್ನು ಅರ್ಧರ್ಧ ಸೇರಿಸಿ ಮಾಡುವ ಎಂಜಿನಿಯರಿಂಗ್ ರ್‍ಯಾಂಕ್ ಆಗಲಿ, ಕೋಚಿಂಗ್ ಸಿಕ್ಕವರ ಕಡೆಗೇ ವಾಲುತ್ತದೆ. ಬೆಂಗಳೂರಿನ ವಿರುದ್ಧ ಕಲಬುರಗಿಗೆ ನ್ಯಾಯ ಕೇಳಿ ಪಡೆದೆವು. ಕಲಬುರಗಿ ನಗರದ ವಿರುದ್ಧ ಅಫಜಲಪುರಕ್ಕೆ ನ್ಯಾಯ ಎಂಬ ಪ್ರಶ್ನೆಯನ್ನು ಕೇಳಲೇ ಇಲ್ಲ.

ಗ್ರಾಮೀಣ ಕೋಟಾ ಇದೆಯಲ್ಲ ಎನ್ನಬಹುದು. ಇದೆ, ಶೇ 15. ಕನ್ನಡ ಮಾಧ್ಯಮಕ್ಕೆ ಶೇ 5. ಎರಡೂ ಒಳ್ಳೆಯ ಉದ್ದೇಶದಿಂದ ಬಂದವು. ಆದರೆ ಗ್ರಾಮೀಣ ಎಂಬುದನ್ನು ನಿರ್ಧರಿಸುವುದು ಶಾಲೆ ನಿಂತ ಜಾಗ. ನಗರದ ಅಂಚಿನಲ್ಲಿ, ಗ್ರಾಮ ಪಂಚಾಯಿತಿ ಮಿತಿಯೊಳಗೆ ಕಟ್ಟಿದ ಇಂಗ್ಲಿಷ್ ಮಾಧ್ಯಮದ ವಸತಿ ಶಾಲೆ ಗ್ರಾಮೀಣ ಎನಿಸಿಕೊಳ್ಳುತ್ತದೆ. ಆಳಂದ ಪಟ್ಟಣದ ಸರ್ಕಾರಿ ಶಾಲೆಯಲ್ಲಿ ಹಮಾಲಿಯ ಮಗಳು ಓದಿದರೆ ಅವಳು ಗ್ರಾಮೀಣಳಲ್ಲ. ಒಂದನೆಯ ತರಗತಿಯಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿ ಶಾಲೆಯಲ್ಲೇ ಓದಿರಬೇಕು, ಮುಖ್ಯೋಪಾಧ್ಯಾಯರು ಸಹಿ ಹಾಕಿ ಬಿಇಒ ಮೇಲುಸಹಿ ಹಾಕಬೇಕು. ಇದು ಊರು ಬಿಡದೆ ಬದುಕಬಲ್ಲ ಮನೆಗಳಿಗೆ ಸರಿಹೋಗುವ ನಿಯಮ.

ಈ ಮೂರು ತಾಲೂಕುಗಳ ಬಡ ಮನೆಗಳು ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ತೊಗರಿಯ ಸೀಮೆ ಇದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಆದರೆ ಮಳೆ ನಂಬಿದ ಒಂದು ಬೆಳೆಯ ಮೇಲೆ ವರ್ಷ ಕಳೆಯದು. ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ಜನ ಹೊರಡುತ್ತಾರೆ. ಮಕ್ಕಳು ಅವರ ಜೊತೆ ಹೋಗುತ್ತಾರೆ, ಇಲ್ಲವೆ ಅಜ್ಜಿಯ ಹತ್ತಿರ ಉಳಿಯುತ್ತಾರೆ. ಆಳಂದ, ಅಫಜಲಪುರದ ಗಡಿ ಹಳ್ಳಿಗಳಿಗೆ ಅಕ್ಕಲಕೋಟ, ಸೊಲ್ಲಾಪುರ ದೂರವೇನಲ್ಲ. ನಡುವೆ ಎರಡು ವರ್ಷ ಅತ್ತೆಯ ಮನೆಯಲ್ಲಿದ್ದು ಆಚೆಯ ಶಾಲೆಗೆ ಹೋದ ಮಗುವಿಗೆ ಹತ್ತು ವರ್ಷದ ಲೆಕ್ಕ ತಪ್ಪುತ್ತದೆ. ಗ್ರಾಮೀಣ ಬಡತನದ ಅತಿ ಕಠಿಣ ರೂಪವಾದ ಗುಳೆಯೇ ಗ್ರಾಮೀಣ ಕೋಟಾದಿಂದ ಮಗುವನ್ನು ಹೊರಗೆ ಹಾಕುತ್ತದೆ. ಇಡೀ ವ್ಯವಸ್ಥೆಯಲ್ಲಿ ನನ್ನನ್ನು ಹೆಚ್ಚು ನೋಯಿಸುವುದು ಇದು.

ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಊರು, ತಂದೆತಾಯಿ ಪುಣೆಯಲ್ಲಿ ಗಾರೆ ಕೆಲಸ, ಅವಳು ಹುಟ್ಟಿದ್ದೂ ಅಲ್ಲಿಯ ಆಸ್ಪತ್ರೆಯಲ್ಲಿ. ಪಿಯುಸಿ ಆಗಿದೆ. ಮೇ ತಿಂಗಳಲ್ಲಿ ನಾಡಕಚೇರಿಯ ಮುಂದೆ ಪಾಳಿಯಲ್ಲಿ ನಿಂತಿದ್ದಾಳೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಒಂದು ಅರ್ಜಿ, 371(ಜೆ)ಗೆ ಇನ್ನೊಂದು. ಜನನ ಪ್ರಮಾಣಪತ್ರದಲ್ಲಿ ಪುಣೆ ಇರುವುದರಿಂದ ತಂದೆ ಇಲ್ಲಿಯವನೆಂದು ತೋರಿಸಬೇಕು. ಅಪ್ಪ ಶಾಲೆಗೆ ಹೋದವನಲ್ಲ, ಹೊಲವಿಲ್ಲದ್ದರಿಂದ ಪಹಣಿಯಿಲ್ಲ. ಹಳೆಯ ರೇಷನ್ ಕಾರ್ಡು, ಮತದಾರರ ಪಟ್ಟಿ ಹುಡುಕಬೇಕು. ತಲಾಟಿ ಬಂದು ಪಂಚನಾಮೆ ಮಾಡುವ ದಿನ ಮನೆಗೆ ಬೀಗ. ಕಡತ ಕಂದಾಯ ನಿರೀಕ್ಷಕರನ್ನು, ತಹಶೀಲ್ದಾರರನ್ನು ದಾಟಿ ಕಲಬುರಗಿಯ ಉಪವಿಭಾಗಾಧಿಕಾರಿಯ ಸಹಿಗೆ ಹೋಗಬೇಕು. "ಆರ್‌ಡಿ ನಂಬರ್ ಬಂದದೇನ್ರಿ?" ಎಂದು ಕೇಳುತ್ತ ದಿನಕ್ಕೆ ಎರಡು ಸಲ ಕಚೇರಿ ಮೆಟ್ಟಿಲು ಹತ್ತುವುದು, ಪ್ರಮಾಣಪತ್ರದ ಆ ಸಂಖ್ಯೆ ಹಾಕದೆ ಅರ್ಜಿ ಮುಂದೆ ಸಾಗದೆ ಸೈಬರ್ ಸೆಂಟರಿನಲ್ಲಿ ಕೂರುವುದು, ಇದು ಈ ಸೀಮೆಯ ಎಲ್ಲರಿಗೂ ಗೊತ್ತಿರುವ ಮೇ ತಿಂಗಳು. ಎಷ್ಟು ಹೆಚ್ಚು ಕಷ್ಟವೋ ಅಷ್ಟು ಕಡಿಮೆ ಕಾಗದ. ಎಷ್ಟು ಕಡಿಮೆ ಕಾಗದವೋ ಅಷ್ಟು ಕಡಿಮೆ ಪರಿಗಣನೆ.

ಕುಟುಂಬದ ಸ್ಥಿತಿಯನ್ನೇ ನೋಡಿ ಸೀಟು ಕೊಡುವ ಯೋಚನೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಶೇ 68ರಷ್ಟು ಸೀಟುಗಳನ್ನು ಕಾಯ್ದಿರಿಸಿದ್ದ ಮೈಸೂರು ಸರ್ಕಾರದ ಆದೇಶವನ್ನು ಸುಪ್ರೀಂ ಕೋರ್ಟ್ ಬಾಲಾಜಿ ಪ್ರಕರಣದಲ್ಲಿ ರದ್ದು ಮಾಡಿದ ಮೇಲೆ, 1963ರ ಜುಲೈನಲ್ಲಿ ಸರ್ಕಾರ ಬೇರೆಯದೇ ಒಂದು ಆದೇಶ ಹೊರಡಿಸಿತು. ವರ್ಷದ ಆದಾಯ 1,200 ರೂಪಾಯಿ ಮೀರದ, ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ಕುಶಲಕರ್ಮ, ಕೂಲಿಯಂಥ ಮೈದುಡಿಮೆಯ ಕುಟುಂಬಗಳು ಹಿಂದುಳಿದವು ಎಂದು ಅದು ವ್ಯಾಖ್ಯಾನಿಸಿ ಎಂಜಿನಿಯರಿಂಗ್, ವೈದ್ಯಕೀಯ ಸೀಟುಗಳಲ್ಲಿ ಶೇ 30ನ್ನು ಅವರಿಗೆ ಇಟ್ಟಿತು. ಚಿತ್ರಲೇಖಾ ಪ್ರಕರಣದಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಆದೇಶ ಜಾತಿಯನ್ನು ಪೂರ್ತಿ ಬದಿಗಿಟ್ಟದ್ದು ಅದರ ದೌರ್ಬಲ್ಯ. ಹಾವನೂರು ಆಯೋಗ 1975ರಲ್ಲಿ ಜಾತಿಯ ಸತ್ಯವನ್ನು ಮುಂದೆ ತಂದದ್ದು ಸರಿಯೇ ಆಗಿತ್ತು. ಆದರೆ ತಂದೆಯ ಕಸುಬು ಏನು, ಮೈ ಬಗ್ಗಿಸಿ ದುಡಿಯುತ್ತಾನೆಯೇ ಎಂಬ ಪ್ರಶ್ನೆ ಮುಂದೆ ಅರ್ಜಿಯಿಂದ ಜಾರಿಹೋದದ್ದು ನಷ್ಟ. ಈಗ ಉಳಿದಿರುವುದು ಆದಾಯದ ಅಂಕಿ ಮಾತ್ರ. ಆರ್ಥಿಕವಾಗಿ ದುರ್ಬಲರಿಗೆಂದು ಎಂಜಿನಿಯರಿಂಗ್‌ನಲ್ಲಿ ಹೆಚ್ಚುವರಿಯಾಗಿ ಕೊಡುವ ಶೇ 5ರ ಶುಲ್ಕ ವಿನಾಯಿತಿ ಸೀಟಿಗೆ ಮಿತಿ ಎಂಟು ಲಕ್ಷ. ಕೂಲಿಯವನ ಮಗಳೂ ಗುಮಾಸ್ತನ ಮಗನೂ ಅಲ್ಲಿ ಸಮಾನರು.

ಕೃಷಿ ಪದವಿಯಲ್ಲಿ ಮಾತ್ರ ಬೇರೆ ಬಗೆಯ ಒಂದು ಪದ್ಧತಿ ಬದುಕಿದೆ. ರೈತರ ಮಕ್ಕಳಿಗೆ ಮೊದಲು ಶೇ 40 ಇದ್ದ ಸೀಟು ಈಗ ಶೇ 50. ಅದಕ್ಕೆ ಪ್ರಮಾಣಪತ್ರದ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ ಗುರುತಿಸಬೇಕು, ಸಲಕರಣೆಯ ಹೆಸರು ಹೇಳಬೇಕು. ಹೊಲದಲ್ಲಿ ಬೆಳೆದ ಬದುಕೇ ಅಲ್ಲಿ ಅಂಕವಾಗುತ್ತದೆ. ಕೋಚಿಂಗಿನವರು ಇದಕ್ಕೂ ತರಬೇತಿ ಶುರುಮಾಡಿದ್ದಾರೆ ಎಂಬ ಮಾತಿದ್ದರೂ, ಮಗು ಎಲ್ಲಿಂದ ಬಂತು ಎಂಬುದನ್ನು ಕೊರತೆಯಾಗಿ ಅಲ್ಲದೆ ಅರಿವಾಗಿ ನೋಡುವ ಪ್ರವೇಶ ಪದ್ಧತಿ ರಾಜ್ಯದಲ್ಲಿ ಇದೊಂದೇ ಎನ್ನಬೇಕು.

ಹೊರಗೆ ಏನು ನಡೆದಿದೆ? ಅಮೆರಿಕದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಜನಾಂಗದ ಆಧಾರದ ಪ್ರವೇಶವನ್ನು ತಳ್ಳಿಹಾಕಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಅದನ್ನು ಪರಿಗಣಿಸಬಹುದು ಎಂದಿತು. ಹಾಗಾಗಿ ಅಲ್ಲಿ ತನ್ನ ಕಷ್ಟವನ್ನು ತಾನೇ ಬರೆದು ಹೇಳುವುದು ಇನ್ನಷ್ಟು ಮುಖ್ಯವಾಗಿದೆ. ಈ ದಾರಿ ನಮಗೆ ಬೇಡ. ಹದಿನೇಳು ವರ್ಷದ ಹುಡುಗಿ ಅಪ್ಪನ ಸಾವನ್ನು ಚೆನ್ನಾಗಿ ಬರೆದಷ್ಟೂ ಸೀಟು ಹತ್ತಿರ ಎಂದಾದರೆ ಅದು ಅವಳಿಗೆ ಎಸಗುವ ಅವಮಾನ. ಬರೆಯಲು ಬಾರದವಳ ಕಷ್ಟ ಹೆಚ್ಚೇ ಇರುತ್ತದೆ, ಮತ್ತು ತಹಶೀಲ್ ಕಚೇರಿ ಎದುರಿನ ಡಿಟಿಪಿ ಅಂಗಡಿಗಳಲ್ಲಿ ಅಫಿಡವಿಟ್ಟಿನಂತೆ ದುಃಖದ ಪತ್ರವೂ ಸಿದ್ಧ ಮಾದರಿಯಲ್ಲಿ ಸಿಗತೊಡಗುತ್ತದೆ. ಅದೇ ಅಮೆರಿಕದ ಟೆಕ್ಸಾಸ್ 1997ರಲ್ಲಿ ಮಾಡಿದ ಕೆಲಸ ನಮಗೆ ಹೆಚ್ಚು ಹತ್ತಿರ. ಪ್ರತಿ ಪ್ರೌಢಶಾಲೆಯ ಮೊದಲ ಶೇ 10 ವಿದ್ಯಾರ್ಥಿಗಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಎಂದು ಅದು ಕಾಯ್ದೆ ಮಾಡಿತು. ಬಡ ಊರಿನ ಶಾಲೆಯ ಮೊದಲಿಗನನ್ನು ಶ್ರೀಮಂತ ಶಾಲೆಯ ನೂರನೆಯವನೊಡನೆ ತೂಗದೆ, ಅವನ ಜೊತೆ ಕೂತು ಓದಿದವರೊಡನೆ ತೂಗಿತು. ಐರ್ಲೆಂಡಿನಲ್ಲಿ ಮನೆಯ ಆದಾಯದ ಮಿತಿಯ ಜೊತೆಗೆ ಓದಿದ ಶಾಲೆ, ವಾಸದ ಪ್ರದೇಶ, ತಂದೆತಾಯಿಯ ಕಸುಬಿನಂಥ ಸೂಚಕಗಳನ್ನು ಕೂಡಿಸಿ ನೋಡಿ, ಕಡಿಮೆ ಅಂಕಕ್ಕೂ ಸೀಟು ಕೊಡುವ ಯೋಜನೆ ಇದೆ.

ಅಷ್ಟು ದೂರ ಹೋಗುವುದೂ ಬೇಕಿಲ್ಲ. ತಮಿಳುನಾಡು 2020ರಲ್ಲಿ, ಆರರಿಂದ ಹನ್ನೆರಡನೆಯ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದವರಿಗೆ ವೈದ್ಯಕೀಯದಲ್ಲಿ ಶೇ 7.5 ಸೀಟು ಇಟ್ಟಿತು. ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಆಳಂದದ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರ 2018ರಲ್ಲಿ ಅನಾಥ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಶೇ 1 ಇಟ್ಟಿತು. ಒಂದು ಮಗುವಿನ ವೈಯಕ್ತಿಕ ಕಷ್ಟವನ್ನು ಕಾನೂನು ಗುರುತಿಸಬಲ್ಲದು ಎಂಬುದಕ್ಕೆ ಇವೆರಡು ಸಾಕ್ಷಿ.

ಆಳಂದದ ಮಕ್ಕಳಿಗೆ ಕಣ್ಣೆದುರಿಗೇ ಒಂದು ವಿಶ್ವವಿದ್ಯಾಲಯ ಇದೆ. 2009ರಲ್ಲಿ ಆರಂಭವಾಗಿ ಈಗ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಅವರದೇ ತಾಲೂಕಿನಲ್ಲಿದೆ. ಅಲ್ಲಿ ಪ್ರವೇಶ ದೇಶವ್ಯಾಪಿ ಸಿಯುಇಟಿ ಮೂಲಕ, ಕೇಂದ್ರದ ಮೀಸಲಾತಿ ನಿಯಮದ ಪ್ರಕಾರ. ದೇಶದ ನಾನಾ ರಾಜ್ಯಗಳ ಮಕ್ಕಳು ಬಂದು ಕಲಿಯುವುದು ಈ ಸೀಮೆಗೆ ಒಳ್ಳೆಯದೇ. ಆದರೆ ಆಸುಪಾಸಿನ ಹಳ್ಳಿಯ ಕನ್ನಡ ಮಾಧ್ಯಮದ ಮಗುವಿಗೆ ಆ ಕಟ್ಟಡ ರಸ್ತೆಯಿಂದ ನೋಡುವ ಕಟ್ಟಡವಾಗಿಯೇ ಉಳಿಯುವ ಅಪಾಯ ದೊಡ್ಡದು. ಹಿಂದುಳಿದ ಜಿಲ್ಲೆಗಳಿಂದ ಬಂದವರಿಗೆ ಪ್ರವೇಶದಲ್ಲಿ ಹೆಚ್ಚುವರಿ ಅಂಕ ಕೊಡುವ ಪದ್ಧತಿಯನ್ನು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಬಹುಕಾಲ ನಡೆಸಿದ್ದು, ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಇದು ಅಸಾಧ್ಯವಲ್ಲ ಎಂದು ತೋರಿಸುತ್ತದೆ.

ಇನ್ನೊಂದು ಮಾತು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ವಿಶೇಷ ಪರಿಗಣನೆಯ ಪ್ರಶ್ನೆ ಏಳುವುದು ಸೀಟಿಗೆ ಪೈಪೋಟಿ ಇರುವ ಕಡೆ. ಈ ಭಾಗದ ಬಹುಪಾಲು ಮಕ್ಕಳು ಸೇರುವುದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಬಿಎ, ಬಿಕಾಂಗೆ. ಅಲ್ಲಿ ಸೀಟಿನ ಅಭಾವವಿಲ್ಲ. ಅಭಾವ ಇರುವುದು ಹಾಸ್ಟೆಲಿನದು. ಕಲಬುರಗಿಯಲ್ಲಿ ಬಿಸಿಎಂ ಅಥವಾ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಸಿಕ್ಕಿತೆಂದರೆ ಪದವಿ ಮುಗಿಯುತ್ತದೆ, ಸಿಗದಿದ್ದರೆ ಮೊದಲ ವರ್ಷಕ್ಕೇ ನಿಲ್ಲುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಸಹಾಯಧನ ಬರುತ್ತದೆ. ಬಾಡಿಗೆ, ಊಟ ಎರಡಕ್ಕೂ ಅದು ಸಾಲದು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಆಳಂದ, ಜೇವರ್ಗಿಯಿಂದ ದಿನವೂ ನಲವತ್ತು ಕಿಲೋಮೀಟರಿನ ಆಸುಪಾಸು ಓಡಾಡಿ ಕಲಬುರಗಿಯಲ್ಲಿ ಓದುವುದು ಹುಡುಗಿಯರಿಗೆ ಸಾಧ್ಯವಾಗಿದೆ. ಅಫಜಲಪುರ ಇನ್ನೂ ದೂರ. ಪ್ರವೇಶದ ಪರಿಗಣನೆ ಎಂದು ಯಾರೂ ಕರೆಯದ ಈ ಬಸ್ಸು ಹಲವು ಮೀಸಲಾತಿ ಆದೇಶಗಳಷ್ಟೇ ಕೆಲಸ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಸ್ಟೆಲ್ ಆಯ್ಕೆಯಲ್ಲಿ ಗುಳೆ ಹೋಗುವ ಮನೆಯ ಮಕ್ಕಳಿಗೆ, ತಂದೆ ಇಲ್ಲದವರಿಗೆ ಮೊದಲ ಸಾಲು ಸಿಗಬೇಕು. ಇದಕ್ಕೆ ಸಂವಿಧಾನ ತಿದ್ದುವುದು ಬೇಡ.

ಸೀಟಿಗಿಂತ ಮೊದಲೇ ಉದುರುವವರ ಸಂಖ್ಯೆಯನ್ನೂ ಮರೆಯುವಂತಿಲ್ಲ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ದಕ್ಷಿಣ ಕನ್ನಡ ಶೇ 91.12 ಫಲಿತಾಂಶದೊಡನೆ ಮೊದಲು ನಿಂತಾಗ ಕಲಬುರಗಿ ಜಿಲ್ಲೆ ಶೇ 42.43ರೊಡನೆ ಕೊನೆಗೆ ನಿಂತಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಮೊದಲ ಯತ್ನದಲ್ಲೇ ಬಿದ್ದರು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದದ್ದು, ಪರೀಕ್ಷೆಯ ಹೊತ್ತಿಗೆ ಕಾಯಿಲೆ, ಸಾವು, ಗುಳೆಯಿಂದ ತಪ್ಪಿಸಿಕೊಂಡವರಿಗೆ ವರ್ಷ ಉಳಿಸುವ ದೊಡ್ಡ ಅನುಕೂಲ. ಆದರೆ ಕೊನೆಯ ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ವಿಜ್ಞಾನ ವಿಭಾಗದ ತರಗತಿಗಳು ಎಷ್ಟೋ ಮುಂದೆ ಹೋಗಿರುತ್ತವೆ. ವೈದ್ಯಕೀಯ ಸೀಟಿನ ಮೀಸಲಾತಿಯ ಬಗ್ಗೆ ಮಾತಾಡುವಾಗ, ಈ ಮೂರು ತಾಲೂಕುಗಳಿಂದ ಪಿಯು ವಿಜ್ಞಾನದ ಬಾಗಿಲಿಗೆ ಬರುವವರೇ ಎಷ್ಟು ಕಡಿಮೆ ಎಂಬುದು ನಮ್ಮ ಕಣ್ಣ ಮುಂದಿರಬೇಕು.

ತಾಲೂಕನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕೋರ್ಟು ಒಪ್ಪುತ್ತದೆಯೇ? ಮದ್ರಾಸ್ ರಾಜ್ಯದ ಜಿಲ್ಲಾವಾರು ವೈದ್ಯಕೀಯ ಸೀಟು ಹಂಚಿಕೆಯನ್ನು ಸುಪ್ರೀಂ ಕೋರ್ಟ್ 1968ರಲ್ಲಿ ರಾಜೇಂದ್ರನ್ ಪ್ರಕರಣದಲ್ಲಿ ತಳ್ಳಿಹಾಕಿತ್ತು. ಉತ್ತರ ಪ್ರದೇಶದ ಪ್ರದೀಪ್ ಟಂಡನ್ ಪ್ರಕರಣದಲ್ಲಿ, 1974ರಲ್ಲಿ, ಗ್ರಾಮೀಣ ಎಂಬ ಒಂದೇ ಕಾರಣಕ್ಕೆ ಕೊಟ್ಟ ಮೀಸಲನ್ನು ರದ್ದುಪಡಿಸಿ, ಗುಡ್ಡಗಾಡು ಮತ್ತು ಉತ್ತರಾಖಂಡ ಪ್ರದೇಶದ ಮೀಸಲನ್ನು ಉಳಿಸಿತು. ಹಳ್ಳಿ ಎಂದಷ್ಟೇ ಹೇಳಿದರೆ ಸಾಲದು, ಆ ಜಾಗದಲ್ಲಿ ದಾರಿ, ಶಾಲೆ, ಸಂಪರ್ಕದ ಕೊರತೆ ಇತ್ತೆಂದು ತೋರಿಸಿದರೆ ಅದು ನಿಲ್ಲುತ್ತದೆ ಎಂದು ಅದನ್ನು ಓದಬಹುದು. ನಂಜುಂಡಪ್ಪ ವರದಿ ಮಾಡಿದ್ದು ಅದನ್ನೇ. ಅದರ ಅಂಕಿಗಳು ಈಗ ಹಳೆಯವು ಎಂಬ ಆಕ್ಷೇಪಕ್ಕೂ ಉತ್ತರವಿದೆ: ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಹೊಸ ಪ್ರಾದೇಶಿಕ ಅಸಮತೋಲನ ಸಮಿತಿಯನ್ನು ಸರ್ಕಾರ 2024ರಲ್ಲಿ ರಚಿಸಿದೆ.

ಆದ್ದರಿಂದ ಕೇಳಬೇಕಾದ್ದು ಇಷ್ಟು. 371(ಜೆ)ಯ ಶೇ 70ರ ಒಳಗೇ, ಅತ್ಯಂತ ಹಿಂದುಳಿದ ತಾಲೂಕುಗಳ ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದವರಿಗೆ ಒಂದು ಪಾಲು ಇರಲಿ. ಅನಾಥರು ಮತ್ತು ಗುಳೆ ಕುಟುಂಬದ ಮಕ್ಕಳು ಆ ಪಾಲಿನಲ್ಲಿ ಮೊದಲು ಬರಲಿ. ಶಾಲೆ ಬದಲಾದದ್ದು ಗುಳೆಯಿಂದ ಎಂದಾದರೆ ಹತ್ತು ವರ್ಷದ ಗ್ರಾಮೀಣ ಷರತ್ತು ಸಡಿಲವಾಗಲಿ. ಇದಕ್ಕೆ ಮತ್ತೊಂದು ಪ್ರಮಾಣಪತ್ರ ಹುಟ್ಟಿಸುವುದು ಬೇಡ. ಮಗು ಯಾವ ವರ್ಷ ಯಾವ ತಾಲೂಕಿನ ಯಾವ ಶಾಲೆಯಲ್ಲಿತ್ತು ಎಂಬುದು ಶಿಕ್ಷಣ ಇಲಾಖೆಯ ಸ್ಯಾಟ್ಸ್ ದಾಖಲೆಯಲ್ಲಿ ಈಗಾಗಲೇ ಇದೆ. ಆ ದಾಖಲೆಯನ್ನೇ ತಾಲೂಕಿನ ಸೂಚ್ಯಂಕಕ್ಕೆ ಜೋಡಿಸಿದರೆ ಅಫಜಲಪುರದ ಹುಡುಗಿ ತನ್ನ ಕಷ್ಟವನ್ನು ಯಾರ ಮುಂದೆಯೂ ಹೇಳಿಕೊಳ್ಳಬೇಕಿಲ್ಲ, ತಲಾಟಿ ಬರುವ ದಿನ ಮನೆಯ ಬೀಗ ತೆಗೆದು ಕಾಯಬೇಕಿಲ್ಲ. 2013ರ ಪ್ರವೇಶ ಆದೇಶಕ್ಕೆ ಈ ತಿದ್ದುಪಡಿಯ ಕರಡನ್ನು ಮುಂದಿನ ಸಿಇಟಿ ಅಧಿಸೂಚನೆಗೆ ಮೊದಲು ಸಿದ್ಧಪಡಿಸುವಂತೆ ಮೂರೂ ತಾಲೂಕುಗಳ ಶಾಸಕರು ಸದನದಲ್ಲಿ ಕೇಳಬೇಕು.